ಬೆರ್ನ್‌ಕಾಸ್ಟೆಲ್-ಕೂಸ್: ವೈನ್ ಊರಲ್ಲಿ ವೈನ್ ಕುಡಿಯದವರ ಎರಡು ದಿನ

ಮೊದ್ಲೇ ಹೇಳ್ಬಿಡ್ತೀನಿ, ಅಪ್ಪ ಅವ್ವನ್ನ ಈ ಊರಿಗೆ ಕರ್ಕೊಂಡು ಹೋಗ್ತೀನಿ ಅಂದಾಗ ಫ್ರಾಂಕ್‌ಫರ್ಟಿನ ಗೆಳೆಯರೆಲ್ಲ ನಕ್ಕಿದ್ರು. ಮೋಸೆಲ್ ನದಿ ದಂಡೆ ಊರು, ಎತ್ತ ನೋಡಿದ್ರೂ ದ್ರಾಕ್ಷಿ ಗುಡ್ಡ, ಬೀದಿಗೆ ಹತ್ತು ವೈನ್ ಅಂಗಡಿ, ಕುಡಿಯದವರು ಅಲ್ಲಿ ಹೋಗಿ ಮಾಡೋದೇನು ಅಂತ. ಅವ್ವನಿಗೆ ವಿಷಯ ಗೊತ್ತಾದಾಗ ಅವಳದ್ದೂ ಅದೇ ರಾಗ, "ಅಷ್ಟ್ ದೂರದಿಂದ ಬಂದೀವಿ, ಕುಡ್ಯಾವ್ರ ಊರಿಗಿ ಕರ್ಕೊಂಡ್ ಹೊಂಟಿಯಲ್ಲೋ" ಅಂದ್ಲು. ಆದ್ರೆ ನನ್ನ ಲೆಕ್ಕ ಬೇರೆ ಇತ್ತು. ನಮ್ಮದು ವಿಜಯಪುರ ಕಡೆ, ಅಪ್ಪ ಮೂವತ್ತು ವರ್ಷದಿಂದ ದ್ರಾಕ್ಷಿ ಬೆಳೀತಾ ಇದ್ದಾರೆ, ಹಣ್ಣೆಲ್ಲ ಒಣದ್ರಾಕ್ಷಿಗೆ ಹೋಗುತ್ತೆ. ಬರ್ಲಿನ್, ಮ್ಯೂನಿಕ್ ತೋರಿಸಿದಾಗ ಅಪ್ಪ ಸುಮ್ನೆ ತಲೆ ಆಡಿಸಿದ್ರು ಅಷ್ಟೇ, ಇಲ್ಲಿ ಮಾತ್ರ ಇಳಿದ ಐದು ನಿಮಿಷಕ್ಕೆ ಬಾಯಿ ಬಿಟ್ರು, ಮತ್ತೆ ಎರಡು ದಿನ ಮುಚ್ಚಲಿಲ್ಲ.

ಹೆಸರಿನ ವಿಷಯ. Kues ಅಂತ ಬೋರ್ಡಲ್ಲಿ ಇರೋದನ್ನ ಓದಿ ನಾವೆಲ್ಲ ಕ್ಯೂಸ್ ಅಂತೀವಿ, ಅಲ್ಲಿಯವರು ಕೂಸ್ ಅಂತಾರೆ. ಅವ್ವನಿಗೆ ಇದು ಭಾರಿ ಖುಷಿ ಕೊಡ್ತು, ಬಸ್ಸಲ್ಲಿ ಕೂಸು ಬಂತಾ ಕೂಸು ಬಂತಾ ಅಂತ ಕೇಳ್ತಾನೇ ಇದ್ಲು. ನದಿಯ ಬಲ ದಂಡೆಯಲ್ಲಿ ಬೆರ್ನ್‌ಕಾಸ್ಟೆಲ್, ಎಡ ದಂಡೆಯಲ್ಲಿ ಕೂಸ್, ನಡುವೆ ಒಂದು ಸೇತುವೆ. 1905ರಲ್ಲಿ ಎರಡನ್ನೂ ಸೇರಿಸಿ ಒಂದೇ ಊರು ಮಾಡಿದ್ರು. ಬರೋರಲ್ಲಿ ಮುಕ್ಕಾಲು ಪಾಲು ಜನ ಬೆರ್ನ್‌ಕಾಸ್ಟೆಲ್ ಕಡೆ ಚೌಕದಲ್ಲಿ ಫೋಟೋ ಹೊಡ್ಕೊಂಡು, ಒಂದು ಗ್ಲಾಸ್ ಕುಡಿದು ವಾಪಸ್ ಹೋಗ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ, ಸೇತುವೆ ದಾಟಿ. ಯಾಕೆ ಅಂತ ಮುಂದೆ ಹೇಳ್ತೀನಿ.

ಹೋಗೋದು ಹೇಗೆ ಅಂದ್ರೆ, ಊರಿಗೆ ರೈಲಿಲ್ಲ. ಹಿಂದೆ ಇತ್ತಂತೆ, ಈಗ ಆ ಹಳಿ ಜಾಗದಲ್ಲಿ ಸೈಕಲ್ ದಾರಿ ಇದೆ, ಡೌನ್ ಅನ್ನೋ ಊರಿಂದ ಇಲ್ಲಿ ತನಕ ಸುಮಾರು 58 ಕಿಲೋಮೀಟರ್, ಹಳೇ ಸುರಂಗ ಸೇತುವೆಗಳ ಮೇಲೇ ಹೋಗುತ್ತೆ, ಸೈಕಲ್ ತುಳಿಯೋರು ಇದನ್ನ ನೋಟ್ ಮಾಡ್ಕೊಳ್ಳಿ. ನಮ್ಮಂಥವರು ಫ್ರಾಂಕ್‌ಫರ್ಟಿಂದ ಕೊಬ್ಲೆನ್ಸ್, ಅಲ್ಲಿಂದ ಟ್ರಿಯರ್ ಕಡೆ ಹೋಗೋ ರೈಲಲ್ಲಿ ವಿಟ್ಲಿಶ್ ಹಾಪ್ಟ್‌ಬಾನ್‌ಹೋಫ್ (ಮುಖ್ಯ ಸ್ಟೇಷನ್), ಅಲ್ಲಿಂದ ಬಸ್ಸು. ರೀಜನಲ್ ರೈಲಲ್ಲಿ ಹೋದ್ರೆ ಎಲ್ಲ ಸೇರಿ ನಾಲ್ಕು ಗಂಟೆ ಹಿಡ್ಕೊಳ್ಳಿ. ಡಾಯ್ಚ್‌ಲಾಂಡ್ ಟಿಕೆಟ್ ಇದ್ರೆ ರೈಲು ಬಸ್ಸು ಎರಡೂ ಅದರಲ್ಲೇ ಆಯ್ತು, 2023ರಲ್ಲಿ 49 ಯೂರೋಗೆ ಶುರುವಾದದ್ದು ಆಮೇಲೆ ಏರ್ತಾ ಬಂದಿದೆ, ಆವತ್ತಿನ ರೇಟ್ ನೋಡ್ಕೊಳ್ಳಿ, ಮತ್ತೆ ಅದು ತಿಂಗಳ ಸಬ್‌ಸ್ಕ್ರಿಪ್ಷನ್, ಅಪ್ಪ ಅಮ್ಮನ ಹೆಸರಲ್ಲಿ ತಗೊಂಡ್ರೆ ಟೈಮಿಗೆ ಸರಿಯಾಗಿ ಕ್ಯಾನ್ಸಲ್ ಮಾಡೋದು ಮರೀಬೇಡಿ. ವಿಟ್ಲಿಶ್ ಸ್ಟೇಷನ್ ವಿಟ್ಲಿಶ್ ಊರೊಳಗೆ ಇಲ್ಲ, ಕೆಲವು ಕಿಲೋಮೀಟರ್ ದೂರ ಇದೆ, ಹಾಗಾಗಿ ಊರು ನೋಡೋಣ ಅಂತ ಹೊರಗೆ ಹೋಗ್ಬೇಡಿ, ಸ್ಟೇಷನ್ ಮುಂದೇನೇ ಬಸ್ ಬರುತ್ತೆ. ಕಾರಿದ್ರೆ ಎರಡು ಗಂಟೆ ಹತ್ರ ಸಾಕು, ಆದ್ರೆ ಕಾರಲ್ಲಿ ಹೋದ್ರೆ ರೈಲಿನ ದಾರಿ ತಪ್ಪಿ ಹೋಗುತ್ತೆ, ನನ್ನ ಕೇಳಿದ್ರೆ ಆ ದಾರಿಗೇ ಅರ್ಧ ದುಡ್ಡು.

ಕೊಬ್ಲೆನ್ಸಿಂದ ಹತ್ತಿದ ಮೇಲೆ ಎಡಗಡೆ ಕಿಟಕಿ ಹಿಡೀರಿ, ನದಿ ಆ ಕಡೆ. ಕೊಖೆಮ್ ಊರಿನ ಕೋಟೆ ಕಾಣ್ಸುತ್ತೆ, ತಕ್ಷಣ ರೈಲು ಸುರಂಗಕ್ಕೆ ನುಗ್ಗುತ್ತೆ, ಕೈಸರ್ ವಿಲ್‌ಹೆಲ್ಮ್ ಸುರಂಗ, 4 ಕಿಲೋಮೀಟರಿಗಿಂತ ಜಾಸ್ತಿ ಉದ್ದ, 1870ರ ದಶಕದಲ್ಲಿ ಕೊರೆದದ್ದು, ನೂರು ವರ್ಷ ಜರ್ಮನಿಯಲ್ಲಿ ಇದಕ್ಕಿಂತ ಉದ್ದದ ರೈಲು ಸುರಂಗ ಇರಲಿಲ್ಲ. ನದಿ ಅಲ್ಲಿ ದೊಡ್ಡ ಸುತ್ತು ಹಾಕುತ್ತೆ, ರೈಲು ಗುಡ್ಡ ತೂರಿ ಅಡ್ಡದಾರಿ ಹಿಡಿಯುತ್ತೆ. ಹೊರಗೆ ಬಂದ ಮೇಲೆ ಕಾಲ್ಮೊಂಟ್ ಅನ್ನೋ ಗುಡ್ಡ, ಯುರೋಪಲ್ಲೇ ಅತಿ ಕಡಿದಾದ ದ್ರಾಕ್ಷಿ ತೋಟ ಅಂತ ಹೆಸರಾದದ್ದು, ಕೆಲವು ಕಡೆ 65 ಡಿಗ್ರಿ ತನಕ ಇಳಿಜಾರು. ಅಪ್ಪ ಮೊದ್ಲು ನಂಬಲೇ ಇಲ್ಲ, "ಅಲ್ಲಿ ಆಡು ಹತ್ತೂದು ಕಷ್ಟ, ಮನಶ್ಯಾ ಹೆಂಗ್ ಹತ್ತತಾನ" ಅಂದ್ರು. ಆಮೇಲೆ ಬುಲ್ಲೈ ಹತ್ರ ಎರಡು ಅಂತಸ್ತಿನ ಸೇತುವೆ, ಕೆಳಗೆ ರಸ್ತೆ, ಮೇಲೆ ರೈಲು.

ನಾವು ಹೋಗಿದ್ದು ಸೆಪ್ಟೆಂಬರ್ ಮೂರನೇ ವಾರ. ಅಕ್ಟೋಬರ್ ಛಾಟಣಿ, ಅಂದ್ರೆ ಬಳ್ಳಿ ಕತ್ತರಿಸೋ ಕೆಲಸ, ಶುರುವಾಗೋದ್ರೊಳಗೆ ಊರು ಸೇರ್ಬೇಕು ಅಂತ ಅಪ್ಪನ ಕಂಡೀಷನ್ ಇತ್ತು. ಅದೃಷ್ಟಕ್ಕೆ ಇದೇ ಒಳ್ಳೇ ಟೈಮ್. ಇಲ್ಲಿನ ಮುಖ್ಯ ದ್ರಾಕ್ಷಿ ತಳಿ ರೀಸ್ಲಿಂಗ್ ಹಣ್ಣು ಇನ್ನೂ ಬಳ್ಳಿ ಮೇಲಿರುತ್ತೆ, ಬೇಗ ಬರೋ ತಳಿಗಳ ಕೊಯ್ಲು ನಡೀತಾ ಇರುತ್ತೆ. ಸೆಪ್ಟೆಂಬರ್ ಮೊದಲ ವಾರಾಂತ್ಯ ಇಲ್ಲಿ ದೊಡ್ಡ ವೈನ್ ಜಾತ್ರೆ, ಕುಡಿಯೋರಿಗೆ ಓಕೆ, ವಯಸ್ಸಾದವರ ಜೊತೆ ಆ ಗದ್ದಲಕ್ಕೆ ಹೋಗ್ಬೇಡಿ. ನವೆಂಬರ್ ಆದ ಮೇಲೆ ದೋಣಿ ನಿಲ್ಲುತ್ತೆ, ಎಷ್ಟೋ ಹೋಟೆಲ್ ಬಾಗಿಲು ಹಾಕ್ತಾವೆ, ಕ್ರಿಸ್ಮಸ್ ಮಾರ್ಕೆಟ್ ಬಿಟ್ರೆ ಊರು ಮಲಗಿರುತ್ತೆ.

ಉಳ್ಕೊಳ್ಳೋದಕ್ಕೆ ಹೋಟೆಲ್ ಬದಲು ಫೆರಿಯನ್‌ವೋನುಂಗ್ ನೋಡಿ, ಅಂದ್ರೆ ಅಡುಗೆಮನೆ ಇರೋ ಬಾಡಿಗೆ ಫ್ಲಾಟ್. ದ್ರಾಕ್ಷಿ ಬೆಳೆಯೋ ಮನೆಯವರೇ ಮೇಲಿನ ಮಹಡಿ ಬಾಡಿಗೆಗೆ ಕೊಡ್ತಾರೆ. ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಊರಿಂದಲೇ ತಂದಿದ್ಲು, ಅನ್ನ ಸಾರು ಅಲ್ಲೇ ಆಯ್ತು. ಭಾನುವಾರ ಸೂಪರ್ ಮಾರ್ಕೆಟ್ ಬಂದ್, ಶನಿವಾರವೇ ತರಕಾರಿ ಮೊಸರು ತಂದಿಟ್ಕೊಳ್ಳಿ. ಹೊರಗೆ ತಿನ್ನೋದಾದ್ರೆ ಸಸ್ಯಾಹಾರಿಗಳು ಹುಷಾರು, ಈ ಸೀಸನ್ನಲ್ಲಿ ಎಲ್ಲ ಕಡೆ ಸಿಗೋ ಈರುಳ್ಳಿ ಕೇಕು ಹೆಸರು ಕೇಳಿದ್ರೆ ವೆಜ್ ಅನ್ಸುತ್ತೆ, ಸಾಮಾನ್ಯವಾಗಿ ಹಂದಿ ಮಾಂಸದ ತುಣುಕು ಹಾಕಿರ್ತಾರೆ. ತೆಳು ಪಿಜ್ಜಾ ಥರದ ಫ್ಲಾಮ್‌ಕೂಖನ್ನಿಗೂ ಅದೇ ಕಥೆ. "ಓನೆ ಶ್ಪೆಕ್", ಅಂದ್ರೆ ಹಂದಿ ಮಾಂಸ ಹಾಕದೆ, ಅನ್ನೋ ಎರಡು ಪದ ಬಾಯಿಪಾಠ ಮಾಡ್ಕೊಳ್ಳಿ. ಆಲೂಗಡ್ಡೆ ತುರಿದು ಕರಿದ ಕಾರ್ಟೊಫೆಲ್‌ಪುಫರ್ ಸೇಬಿನ ಗೊಜ್ಜಿನ ಜೊತೆ ಕೊಡ್ತಾರೆ, ಮೊಟ್ಟೆ ತಿನ್ನೋರಿಗೆ ಅದು ಚೆನ್ನಾಗಿದೆ.

ಸರಿ, ಊರು. ಬೆರ್ನ್‌ಕಾಸ್ಟೆಲ್ಲಿಗೆ 1291ರಲ್ಲಿ ಪಟ್ಟಣದ ಹಕ್ಕು ಸಿಕ್ತು, ಆಗಿನ ರಾಜ ಹ್ಯಾಬ್ಸ್‌ಬರ್ಗಿನ ರುಡಾಲ್ಫ್ ಕೊಟ್ಟದ್ದು. ಚೌಕದಲ್ಲಿ ನಿಂತ್ರೆ ಸುತ್ತ ಮರದ ತೊಲೆ ಹೊರಗೆ ಕಾಣೋ ಮನೆಗಳು, 1608ರ ಪುರಸಭೆ ಕಟ್ಟಡ, ಅದರ ಗೋಡೆಯಲ್ಲಿ ತಪ್ಪು ಮಾಡಿದವರನ್ನ ಕಟ್ಟಿ ನಿಲ್ಲಿಸ್ತಿದ್ದ ಕಬ್ಬಿಣದ ಸರಪಳಿ, ನಡುವೆ 1606ರ ಸಂತ ಮೈಕಲ್ ಕಾರಂಜಿ. ಪಕ್ಕದ ಸಂದಿಯಲ್ಲಿ ಶ್ಪಿಟ್ಸ್‌ಹಾಯ್ಸ್‌ಖೆನ್, ಚೂಪು ಮನೆ ಅಂತ ಅರ್ಥ, 1416ರದ್ದು. ಕೆಳಗೆ ಇಷ್ಟೇ ಇಷ್ಟು ಅಗಲ, ಮೇಲೆ ಹೋದ ಹಾಗೆ ಎರಡೂ ಕಡೆ ಉಬ್ಬಿಕೊಂಡಿದೆ, ತಲೆ ಮೇಲೆ ದೊಡ್ಡ ಗಂಟು ಹೊತ್ತ ಹೆಂಗಸು ನಿಂತ ಹಾಗೆ. ಸೈಟ್ ಚಿಕ್ಕದು, ಕೆಳಗೆ ಗಾಡಿ ಹೋಗೋದಕ್ಕೆ ದಾರಿ ಬಿಡಬೇಕು, ಹಾಗಾಗಿ ಮೇಲೆ ಬೆಳೆಸಿದ್ರು. ಬೆಂಗಳೂರಲ್ಲಿ 20 ಬೈ 30 ಸೈಟಲ್ಲಿ ಮೊದಲ ಮಹಡಿಯಿಂದ ರಸ್ತೆ ಮೇಲೆ ಬಾಲ್ಕನಿ ಚಾಚ್ತಾರಲ್ಲ, ಅದೇ ಬುದ್ಧಿ 600 ವರ್ಷ ಮುಂಚೆ. ಫೋಟೋಗೆ ಬೆಳಿಗ್ಗೆ ಒಂಬತ್ತರ ಒಳಗೆ ಹೋಗಿ ಇಲ್ಲಾ ಸಂಜೆ ಐದರ ಮೇಲೆ ಹೋಗಿ, ನಡುವೆ ಕ್ರೂಸ್ ಹಡಗಿನ ಜನ ಇಳೀತಾರೆ, ಒಂದು ಬಾವುಟ ಹಿಡಿದ ಗೈಡ್ ಹಿಂದೆ ನಲವತ್ತು ಜನ, ಕಾಲಿಡೋಕೆ ಜಾಗ ಇರಲ್ಲ. ಇದಕ್ಕೇ ರಾತ್ರಿ ಉಳ್ಕೊಳ್ಳಿ ಅಂತ ಹೇಳೋದು, ಸಂಜೆ ಆದ ಮೇಲೆ ಊರು ನಿಮ್ಮದೇ.

ಗುಡ್ಡದ ಮೇಲೆ ಲಾಂಡ್ಸ್‌ಹುಟ್ ಕೋಟೆ. ಟ್ರಿಯರ್ ಆರ್ಚ್‌ಬಿಷಪ್‌ಗಳದ್ದು, 1277ರಲ್ಲಿ ಕಟ್ಟಿಸಿದ್ದು, 1692ರಲ್ಲಿ ಬೆಂಕಿ ಬಿದ್ದು ಸುಟ್ಟದ್ದು ಮತ್ತೆ ಎದ್ದೇ ಇಲ್ಲ. ಅದಕ್ಕೂ ಹಿಂದೆ ಅಲ್ಲಿ ರೋಮನ್ನರ ಕಾಲದ ಕೋಟೆ ಇತ್ತು ಅಂತ ಅಗೆದು ನೋಡಿದಾಗ ಗೊತ್ತಾಗಿದೆ. ನಡೆದು ಹೋದ್ರೆ ಅರ್ಧ ಗಂಟೆ, ಚಡಾವು ಜೋರು, ಮಂಡಿ ನೋವಿದ್ದವರಿಗೆ ಬೇಡ. ಸೀಸನ್ನಲ್ಲಿ ನದಿ ದಂಡೆಯಿಂದ ಚಿಕ್ಕ ಬಸ್ ಮೇಲಕ್ಕೆ ಹೋಗುತ್ತೆ. ನಾವು ಬಸ್ಸಲ್ಲಿ ಹತ್ತಿ ತೋಟದೊಳಗಿನ ದಾರಿಯಲ್ಲಿ ನಡ್ಕೊಂಡು ಇಳಿದ್ವಿ, ಇದೇ ಸರಿ. ಕೋಟೆಯಲ್ಲಿ ನೋಡೋದಕ್ಕೆ ಗೋಡೆ, ಗೋಪುರ, ಒಂದು ರೆಸ್ಟೋರೆಂಟ್ ಅಷ್ಟೇ, ಆದ್ರೆ ಮೇಲಿಂದ ನದಿ ತಿರುಗೋದು ನೋಡೋದಕ್ಕಾದ್ರೂ ಹೋಗ್ಲೇಬೇಕು.

ಈ ಕೋಟೆಯದ್ದೇ ಒಂದು ಕಥೆ. ಹದಿನಾಲ್ಕನೇ ಶತಮಾನದಲ್ಲಿ ಆರ್ಚ್‌ಬಿಷಪ್ ಎರಡನೇ ಬೋಮುಂಡ್ ಇಲ್ಲಿ ಜ್ವರ ಬಂದು ಮಲಗಿದ್ದ, ಯಾವ ವೈದ್ಯರ ಔಷಧಿಯೂ ತಾಗಲಿಲ್ಲ, ಕೊನೆಗೆ ಊರ ಹಿಂದಿನ ಗುಡ್ಡದ ವೈನ್ ಕುಡಿದು ಗುಣ ಆದ, ಇದೇ ನಿಜವಾದ ಡಾಕ್ಟರ್ ಅಂದ ಅಂತ. ಆ ತೋಟಕ್ಕೆ ಇವತ್ತಿಗೂ ಡಾಕ್ಟರ್ ಅಂತಾನೇ ಹೆಸರು, ಬೆರ್ನ್‌ಕಾಸ್ಟೆಲರ್ ಡಾಕ್ಟರ್, ಇಡೀ ತೋಟ ಮೂರೂ ಚಿಲ್ಲರೆ ಹೆಕ್ಟೇರ್, ಅಂದ್ರೆ ಎಂಟು ಎಕರೆ, ಜರ್ಮನಿಯಲ್ಲಿ ಅತಿ ದುಬಾರಿ ದ್ರಾಕ್ಷಿ ಭೂಮಿಗಳಲ್ಲಿ ಒಂದು. ಎಂಟೆಕರೆ ಅಂದ ಕೂಡ್ಲೆ ಅಪ್ಪ ನೆಟ್ಟಗೆ ಕೂತ್ರು, "ನಮ್ದಕ್ಕಿಂತ ಒಂದೆಕರೆ ಕಮ್ಮಿ ಅದ" ಅಂತ.

ತೋಟದೊಳಗೆ ಇಳಿಯುವಾಗ ನಾನು ಗೈಡ್ ಕೆಲಸ ಬಿಟ್ಟೆ, ಅಪ್ಪ ತಗೊಂಡ್ರು. ಮೊದಲು ಹುಡುಕಿದ್ದು ಚಪ್ಪರ. ನಮ್ಮ ಕಡೆ ತಂತಿ ಚಪ್ಪರ ಇಲ್ಲಾ ವೈ ಆಕಾರದ ಕಂಬ, ಇಲ್ಲಿ ಕಡಿದಾದ ಕಡೆ ಹಳೇ ಪದ್ಧತಿಯಲ್ಲಿ ಒಂದು ಬಳ್ಳಿಗೆ ಒಂದು ಗೂಟ, ಎರಡು ಕಡ್ಡಿ ಬಗ್ಗಿಸಿ ಹೃದಯದ ಆಕಾರದಲ್ಲಿ ಕಟ್ಟಿರ್ತಾರೆ. ತಂತಿ ಸಾಲು ಇಲ್ಲದೇ ಇರೋದ್ರಿಂದ ಕೆಲಸದವರು ಅಡ್ಡಡ್ಡ ನಡೀಬಹುದು, ಇಳಿಜಾರಲ್ಲಿ ಅದು ದೊಡ್ಡ ಅನುಕೂಲ. ನೆಲ ಪೂರ್ತಿ ಕಪ್ಪು ಸ್ಲೇಟ್ ಕಲ್ಲಿನ ಚೂರು, ಮಣ್ಣು ಕಾಣೋದೇ ಇಲ್ಲ. ಬಗ್ಗಿ ಮುಟ್ಟಿ ನೋಡಿ, ಮಧ್ಯಾಹ್ನ ಬಿಸಿ ಇರುತ್ತೆ, ರಾತ್ರಿ ಆ ಬಿಸಿ ನಿಧಾನಕ್ಕೆ ಬಿಡುತ್ತೆ, ಇಷ್ಟು ಉತ್ತರದ ಚಳಿ ದೇಶದಲ್ಲಿ ದ್ರಾಕ್ಷಿ ಮಾಗೋದಕ್ಕೆ ಈ ಕಲ್ಲು, ಬಿಸಿಲಿಗೆ ಮುಖ ಮಾಡಿದ ಇಳಿಜಾರು, ಕೆಳಗಿನ ನೀರು ಮೂರೂ ಬೇಕು. ಕೆಲವು ಕಡೆ ಇಳಿಜಾರಲ್ಲಿ ಒಂಟಿ ಹಳಿ ಹಾಕಿದ್ದಾರೆ, ಮೋಟಾರು ಗಾಡಿ ಅದರ ಮೇಲೆ ಹಲ್ಲು ಕಚ್ಚಿ ಹತ್ತುತ್ತೆ, ಜನ ಸಾಮಾನು ಎಲ್ಲ ಅದರಲ್ಲೇ. ಕೆಳಗೆ ಒಬ್ಬ ತೋಟದವರು ಸಿಕ್ಕಿದ್ರು, ಅಪ್ಪ ಕನ್ನಡದಲ್ಲಿ, ಅವರು ಮೋಸೆಲ್ ಜರ್ಮನ್‌ನಲ್ಲಿ, ನಡುವೆ ನಾನು ಒದ್ದಾಡ್ಕೊಂಡು. ಅಪ್ಪನ ಮೊದಲ ಪ್ರಶ್ನೆ ರೂಟ್‌ಸ್ಟಾಕ್ ಯಾವುದು ಅಂತ. ನಮ್ಮಲ್ಲಿ ಡಾಗ್‌ರಿಡ್ಜ್ ಬೇರಿಗೆ ಕಸಿ ಕಟ್ಟದೆ ಯಾರೂ ತೋಟ ಹಾಕಲ್ಲ. ಇಲ್ಲಿ ಹಳೇ ಬಳ್ಳಿಗಳು ಎಷ್ಟೋ ಕಸಿಯೇ ಇಲ್ಲದೆ ಸ್ವಂತ ಬೇರಿನ ಮೇಲಿವೆ. ಹತ್ತೊಂಬತ್ತನೇ ಶತಮಾನದಲ್ಲಿ ಫಿಲಾಕ್ಸೆರಾ ಅನ್ನೋ ಬೇರುಹುಳ ಯುರೋಪಿನ ತೋಟಗಳನ್ನೆಲ್ಲ ಹಾಳು ಮಾಡಿದಾಗಲೂ ಈ ಸ್ಲೇಟ್ ಕಲ್ಲಿನ ಇಳಿಜಾರಿನಲ್ಲಿ ಅದು ಸರಿಯಾಗಿ ಹಬ್ಬೋದಕ್ಕೆ ಆಗಲಿಲ್ಲ. ಅಪ್ಪ ಒಂದು ಬಳ್ಳಿಯ ಬುಡ ಸವರಿ ಸ್ವಲ್ಪ ಹೊತ್ತು ಸುಮ್ನಿದ್ರು. ತೋಟದವರ ಕಷ್ಟ ಕೇಳಿದ್ರೆ ಅದೂ ನಮ್ಮದೇ, ಆಳು ಸಿಗಲ್ಲ. ಕೊಯ್ಲಿಗೆ ಪೋಲೆಂಡ್, ರೊಮೇನಿಯಾದಿಂದ ಜನ ಬರ್ತಾರೆ, ಎಷ್ಟೋ ಕಡಿದಾದ ತೋಟ ಮಾಡೋರಿಲ್ಲದೆ ಪಾಳು ಬಿದ್ದಿದೆ, ಗುಡ್ಡದ ನಡುವೆ ಪೊದೆ ಬೆಳೆದ ಹಸಿರು ತೇಪೆ ಕಂಡ್ರೆ ಅದೇ.

ಅವರ ಹತ್ರ ಟ್ರಾಬನ್‌ಸಾಫ್ಟ್ ಸಿಕ್ತು, ದ್ರಾಕ್ಷಿ ಜ್ಯೂಸು, ಹೆಂಡದ ಹನಿ ಇಲ್ಲ. ಬಹಳ ಮನೆಗಳಲ್ಲಿ ಮಾಡ್ತಾರೆ, ಕೇಳಬೇಕು ಅಷ್ಟೇ. ಆದ್ರೆ ಫೆಡರ್‌ವೈಸರ್ ಅಂತ ಮಸುಕು ಬಿಳಿ ಬಣ್ಣದ್ದು ಈ ಸೀಸನ್ನಲ್ಲಿ ಎಲ್ಲ ಕಡೆ ಇಟ್ಟಿರ್ತಾರೆ, ಜ್ಯೂಸ್ ಥರ ಸಿಹಿ ಇರುತ್ತೆ, ಅದು ಹುಳಿ ಬರ್ತಾ ಇರೋ ವೈನು, ಮೋಸ ಹೋಗ್ಬೇಡಿ. ಕುಡಿಯೋರಿಗೆ ಒಂದು ಮಾತು, ಟ್ರೊಕನ್ ಅಂದ್ರೆ ಸಿಹಿ ಇಲ್ಲದ್ದು, ಫೈನ್‌ಹೆರ್ಬ್ ನಡುವಿನದ್ದು, ಸಿಹಿ ಕಾಬಿನೆಟ್ ರೀಸ್ಲಿಂಗ್‌ಗಳಲ್ಲಿ ಆಲ್ಕೋಹಾಲ್ ಎಂಟು ಒಂಬತ್ತು ಪರ್ಸೆಂಟ್ ಮಾತ್ರ ಇರುತ್ತೆ. ಇದು ಜೊತೆಗೆ ಬಂದಿದ್ದ ಗೆಳೆಯನ ಪಾಠ, ನನ್ನದಲ್ಲ.

ಎರಡನೇ ದಿನ ಸೇತುವೆ ದಾಟಿದ್ವಿ. ಸೇತುವೆಯ ತುದಿಯಲ್ಲೇ ಸಂತ ನಿಕೊಲಾಸ್ ಹಾಸ್ಪಿಟಲ್, ಆಸ್ಪತ್ರೆ ಅಲ್ಲ, ವೃದ್ಧಾಶ್ರಮ. ಕಟ್ಟಿಸಿದ್ದು ಇದೇ ಕೂಸಿನಲ್ಲಿ 1401ರಲ್ಲಿ ಹುಟ್ಟಿದ ನಿಕೊಲಾಸ್, ಲ್ಯಾಟಿನ್‌ನಲ್ಲಿ ಕುಸಾನಸ್. ಅವನ ಅಪ್ಪ ದೋಣಿ ವ್ಯಾಪಾರಿ. ಮಗ ಪಾದುವಾದಲ್ಲಿ ಕಾನೂನು ಓದಿ, ರೋಮ್ ತನಕ ಏರಿ ಕಾರ್ಡಿನಲ್ ಆದ. ಭೂಮಿ ವಿಶ್ವದ ಕೇಂದ್ರ ಅಲ್ಲ, ವಿಶ್ವಕ್ಕೆ ಕೇಂದ್ರ ಅಂತಾನೇ ಇಲ್ಲ ಅಂತ ಕೊಪರ್ನಿಕಸ್ ಹುಟ್ಟೋದಕ್ಕೂ ಮುಂಚೆ, 1440ರಲ್ಲಿ ಬರೆದ. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದಾಗ ಯುರೋಪೆಲ್ಲ ಯುದ್ಧ ಯುದ್ಧ ಅಂತಿತ್ತು, ಈತ ಅದೇ ವರ್ಷ ಬೇರೆ ಬೇರೆ ದೇಶದ ಜ್ಞಾನಿಗಳು ಕೂತು ಧರ್ಮದ ಬಗ್ಗೆ ಮಾತಾಡೋ ಒಂದು ಸಂವಾದ ಬರೆದ, ಆಚರಣೆ ನೂರಾರು ಇರಲಿ, ಒಳಗಿರೋ ಧರ್ಮ ಒಂದೇ ಅನ್ನೋದು ಅದರ ತಿರುಳು. ಆ ಸಂವಾದದಲ್ಲಿ ಒಬ್ಬ ಭಾರತೀಯನೂ ಇದ್ದಾನೆ, ಹಾಗಾದ್ರೆ ವಿಗ್ರಹಗಳ ಗತಿ ಏನು ಅಂತ ಕೇಳ್ತಾನೆ. ಇದನ್ನ ಅವ್ವನಿಗೆ ಹೇಳಿದಾಗ, "ಕೇಳಿದ್ದು ಖರೇ ಅದ" ಅಂದ್ಲು.

ಈ ಕಾರ್ಡಿನಲ್ ಒಡಹುಟ್ಟಿದವರ ಜೊತೆ ಸೇರಿ ಮನೆತನದ ಆಸ್ತಿಯನ್ನ ಈ ಆಶ್ರಮಕ್ಕೆ ಬಿಟ್ಟ, 1458ರಲ್ಲಿ ಅದರ ಪತ್ರ ಆಯ್ತು. 33 ಜನ ಬಡ ವೃದ್ಧ ಗಂಡಸರಿಗೆ ಊಟ, ವಸತಿ, ಯೇಸು ಬದುಕಿದ್ದು 33 ವರ್ಷ ಅಂತ ಆ ಲೆಕ್ಕ. ಖರ್ಚಿಗೆ ದ್ರಾಕ್ಷಿ ತೋಟ ಬಿಟ್ಟಿದ್ದ. ವಿಶೇಷ ಏನಂದ್ರೆ ಅದು ಇವತ್ತಿಗೂ ನಡೀತಿದೆ, 560 ವರ್ಷ ದಾಟಿದ ಮೇಲೂ, ಆ ತೋಟದ ವೈನ್ ಇವತ್ತೂ ಮಾರ್ತಾರೆ. ಈಗ ಹೆಂಗಸರೂ ಇದ್ದಾರೆ. ಅಂಗಳ ಸುತ್ತ ಕಮಾನಿನ ಮೊಗಸಾಲೆ, ಅಲ್ಲೊಬ್ಬ ಅಜ್ಜ ವಾಕರ್ ಹಿಡ್ಕೊಂಡು ಸುತ್ತು ಹಾಕ್ತಿದ್ದ, ಅವ್ವನನ್ನ ನೋಡಿ ಕೈ ಎತ್ತಿದ. "ಇದು ಮಠಾನೇ ಬಿಡೋ, ದಾಸೋಹದ ಮಠ" ಅಂತ ಅವ್ವ ಹೇಳಿ, ಅಲ್ಲೇ ಕಟ್ಟೆ ಮೇಲೆ ಕೂತವಳು ಒಂದು ಗಂಟೆ ಏಳಲಿಲ್ಲ. ಕುಡ್ಯಾವ್ರ ಊರು ಅನ್ನೋ ಮಾತು ಅಲ್ಲಿಗೆ ನಿಂತಿತು.

ಚಾಪೆಲ್ಲಿನಲ್ಲಿ ಬಲಿಪೀಠದ ಮುಂದೆ ನೆಲದಲ್ಲಿ ಹಿತ್ತಾಳೆ ಫಲಕ ಇದೆ, ಅದರ ಕೆಳಗೆ ನಿಕೊಲಾಸನ ಹೃದಯ. 1464ರಲ್ಲಿ ಇಟಲಿಯ ತೋದಿಯಲ್ಲಿ ಸತ್ತಾಗ ದೇಹವನ್ನ ರೋಮಿನಲ್ಲಿ ಹೂತು, ಹೃದಯ ಮಾತ್ರ ಅವನ ಇಚ್ಛೆಯಂತೆ ಊರಿಗೆ ತಂದ್ರು. ಬಲಿಪೀಠದ ಚಿತ್ರದಲ್ಲಿ ಅವನೇ ಮಂಡಿಯೂರಿ ಕೂತಿರೋದನ್ನ ಕಾಣಬಹುದು. ಮೇಲೆ ಅವನ ಗ್ರಂಥಾಲಯ, ಮುನ್ನೂರಕ್ಕೂ ಮೇಲ್ಪಟ್ಟು ಹಸ್ತಪ್ರತಿ, ಗೈಡ್ ಜೊತೆ ಮಾತ್ರ ಬಿಡ್ತಾರೆ, ದಿನ ಟೈಮ್ ಫಿಕ್ಸ್ ಇರುತ್ತೆ, ನಾವು ಕೇಳದೆ ಹೋಗಿ ತಪ್ಪಿಸ್ಕೊಂಡ್ವಿ, ನೀವು ಮೊದಲೇ ಕೇಳಿ ಬುಕ್ ಮಾಡಿ. ಅಂಗಳ ಚಾಪೆಲ್ ನಾವು ಹೋದಾಗ ಟಿಕೆಟ್ ಇಲ್ಲದೆ ನೋಡಿದ್ವಿ. ಜನ ವಾಸ ಇರೋ ಮನೆ ಅದು, ರೀಲ್ಸ್ ಮಾಡೋದು ಬೇಡ. ಪಕ್ಕದ ನೆಲಮಾಳಿಗೆಯಲ್ಲಿ ವಿನೊಥೆಕ್, ನಿಗದಿ ದುಡ್ಡು ಕೊಟ್ರೆ ಮೋಸೆಲ್‌ನ ಬಗೆಬಗೆ ವೈನ್ ರುಚಿ ನೋಡಬಹುದು, ಗೆಳೆಯ ಅಲ್ಲೇ ಕಳೆದುಹೋದ. ನಿಕೊಲಾಸ್ ಹುಟ್ಟಿದ ಮನೆಯೂ ಇದೇ ದಂಡೆಯಲ್ಲಿದೆ, ಟೈಮ್ ಇದ್ರೆ ನೋಡಿ.

ದೋಣಿ ಬಿಡಬೇಡಿ. ಟ್ರಾಬೆನ್-ಟ್ರಾರ್ಬಾಖ್ ತನಕ ಸುಮಾರು ಎರಡು ಗಂಟೆ, ನಡುವೆ ಸೆಲ್ಟಿಂಗನ್ ಹತ್ರ ಲಾಕ್ ಬರುತ್ತೆ, ದೋಣಿಯನ್ನ ತೊಟ್ಟಿಯೊಳಗೆ ನಿಲ್ಲಿಸಿ ನೀರು ಇಳಿಸಿ ಆ ಕಡೆ ಬಿಡ್ತಾರೆ. 1964ರಲ್ಲಿ ಈ ನದಿಯನ್ನ ದೊಡ್ಡ ಹಡಗು ಓಡೋ ಹಾಗೆ ಮಾಡಿದ್ದು ಇಂಥ ಲಾಕ್ ಕಟ್ಟಿಯೇ. ದಾರಿಯಲ್ಲಿ ಬಲಗಡೆ ಗುಡ್ಡದಲ್ಲಿ ವೇಲೆನ್ ಊರಿನ ಸನ್‌ಡಯಲ್ ಕಾಣುತ್ತೆ, 1842ರಲ್ಲಿ ತೋಟದ ಕೆಲಸದವರಿಗೆ ಹೊತ್ತು ಗೊತ್ತಾಗ್ಲಿ ಅಂತ ಕಟ್ಟಿಸಿದ್ದು. ಆಮೇಲೆ ತಲೆ ಮೇಲೆ 158 ಮೀಟರ್ ಎತ್ತರದ ಹೈವೇ ಸೇತುವೆ, 2019ರಲ್ಲಿ ಓಪನ್ ಆದದ್ದು, ತೋಟದವರು ವರ್ಷಗಟ್ಟಲೆ ವಿರೋಧ ಮಾಡಿದ್ರು. ಟ್ರಾಬೆನ್-ಟ್ರಾರ್ಬಾಖಲ್ಲಿ ಒಂದು ಹಳೇ ವೈನ್ ಕಟ್ಟಡದಲ್ಲಿ ಬುದ್ಧನ ಮ್ಯೂಸಿಯಂ ಇದೆ, ಸಾವಿರಾರು ಬುದ್ಧ ಮೂರ್ತಿ. ನಂಬಿ, ನಿಜ.

ಒಂದು ತಪ್ಪು ನಮ್ಮಿಂದ ಆಯ್ತು. ಹೊರಡೋ ದಿನ ಭಾನುವಾರ, ಬಸ್ಸು ವಾರದ ದಿನದ ಹಾಗೇ ಇರುತ್ತೆ ಅಂತ ನಂಬಿದ್ದೆ. ಭಾನುವಾರ ಟೈಮ್‌ಟೇಬಲ್ ಬೇರೆ, ಬಸ್ಸು ಕಮ್ಮಿ, ಒಂದು ತಪ್ಪಿದ್ದಕ್ಕೆ ಟ್ಯಾಕ್ಸಿ ಮಾಡಬೇಕಾಯ್ತು, ಆ ದುಡ್ಡಲ್ಲಿ ಇನ್ನೊಂದು ರಾತ್ರಿ ಉಳೀಬಹುದಿತ್ತು. ಹೋದ ದಿನವೇ ವಾಪಸ್ ಬಸ್ಸಿನ ಟೈಮ್ ಫೋಟೋ ತಗೊಂಡಿಟ್ಕೊಳ್ಳಿ. ಚಿಲ್ಲರೆ ಯೂರೋ ಕೈಯಲ್ಲಿರಲಿ, ಟಾಯ್ಲೆಟ್ಟಿಗೂ ಬೇಕು, ಎಷ್ಟೋ ಸಣ್ಣ ಅಂಗಡಿಗೂ ಬೇಕು. ಚೌಕ, ಸಂದಿ ಎಲ್ಲ ಕಲ್ಲು ಹಾಸು, ಚಕ್ರದ ಸೂಟ್‌ಕೇಸ್ ಎಳೆಯೋದು ಕಷ್ಟ, ಅವ್ವ ಚಪ್ಪಲಿ ಬಿಟ್ಟು ಶೂ ಹಾಕಿದ್ದು ಒಳ್ಳೇದಾಯ್ತು.

ಇನ್ನೊಂದು, ಮನೇಲಿ ರೈತರಿದ್ರೆ ಇದನ್ನ ಮೊದ್ಲೇ ಹೇಳಿಡಿ. ಆ ತೋಟದವರ ಬಳ್ಳಿಯಿಂದ ಎರಡು ಕಡ್ಡಿ ತಗೊಂಡು ಹೋಗೋಣ, ಕಸಿ ಇಲ್ಲದ್ದು ನಮ್ಮ ಕಡೆ ಹೆಂಗ ಬರ್ತದ ನೋಡೂಣು ಅಂತ ಅಪ್ಪನ ಆಸೆ. ಸಸ್ಯದ ಕಡ್ಡಿ ಬೇರು ಏನಿದ್ರೂ ಇಂಪೋರ್ಟ್ ಪರ್ಮಿಟ್, ರೋಗ ಇಲ್ಲ ಅನ್ನೋ ಸರ್ಟಿಫಿಕೇಟ್ ಇಲ್ಲದೆ ಭಾರತಕ್ಕೆ ತರೋ ಹಾಗಿಲ್ಲ, ಏರ್‌ಪೋರ್ಟಲ್ಲಿ ಹಿಡೀತಾರೆ ಅಂತ ತಿಳಿಸಿ ಹೇಳಿದೆ. ಟ್ಯಾಕ್ಸಿಯಲ್ಲಿ ವಿಟ್ಲಿಶ್ ಬರೋ ತನಕ ಮಾತಾಡಲಿಲ್ಲ. ರೈಲು ಹತ್ತಿದ ಮೇಲೆ ಊರಿಗೆ ಫೋನ್ ಹಚ್ಚಿ, ಪಕ್ಕದ ಹೊಲದವರು ಛಾಟಣಿಗೆ ಆಳು ಹೇಳಿದ್ದಾರಾ, ಕೂಲಿ ಎಷ್ಟಾಗಿದೆ ಅಂತ ಕೇಳೋದಕ್ಕೆ ಶುರು ಮಾಡಿದ್ರು, ಬುಲ್ಲೈ ಸೇತುವೆ ದಾಟಿದ್ದು ಅವರಿಗೆ ಗೊತ್ತೇ ಆಗಲಿಲ್ಲ.